ಅಂಕ ಕಡಿಮೆ, ಕಾರಣ ಕೇಳಿದರೆ ಸಿಡುಕು: ಇಂಥ ಪ್ರೊಫೆಸರ್ ಹತ್ತಿರ ಮಾತಾಡೋದು ಹೇಗೆ?

ಪ್ರಶ್ನೆ:
ಅಸೈನ್‌ಮೆಂಟ್‌ಗೆ 20ಕ್ಕೆ 9 ಬಂದಿದೆ. ಕೆಂಪು ಗೀಟು ಬಿಟ್ಟರೆ ಒಂದು ಮಾತೂ ಬರೆದಿಲ್ಲ. ಕ್ಲಾಸಿನಲ್ಲಿ ಕಾರಣ ಕೇಳಿದರೆ "ಪಾಠ ಕೇಳಿದ್ದರೆ ಗೊತ್ತಾಗುತ್ತಿತ್ತು" ಎಂದು ಎಲ್ಲರೆದುರು ಗದರುತ್ತಾರೆ. ಇನ್ನೂ 2 ಅಸೈನ್‌ಮೆಂಟ್, ಒಂದು ವೈವಾ (ಮೌಖಿಕ ಪರೀಕ್ಷೆ) ಅವರ ಕೈಯಲ್ಲೇ ಇದೆ. ಸಂಬಂಧ ಕೆಡದಂತೆ ಕೇಳೋದು ಹೇಗೆ? ನೇರವಾಗಿ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಹೋಗಬಹುದಾ?

ಉತ್ತರ 1:
ಎಚ್‌ಒಡಿ ಹತ್ತಿರ ಈಗಲೇ ಬೇಡ. "ಪ್ರೊಫೆಸರ್ ಜತೆ ಕೂತು ಮಾತಾಡಿದ್ದೀರಾ?" ಅಂತಲೇ ಅವರು ಮೊದಲು ಕೇಳುವುದು. ಕ್ಲಾಸಿನಲ್ಲಿ ಕೇಳಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ತುಂಬಿದ ತರಗತಿಯಲ್ಲಿ ಅಂಕದ ಮಾತೆತ್ತಿದರೆ, ಎಷ್ಟೇ ವಿನಯದಿಂದ ಕೇಳಿದರೂ ಸವಾಲು ಹಾಕಿದಂತೆ ಕೇಳಿಸುತ್ತದೆ.

ಒಂದು ದಿನ ಬಿಟ್ಟು, ಸಿಟ್ಟು ಇಳಿದ ಮೇಲೆ, ಪತ್ರಿಕೆ ತೆಗೆಯಿರಿ. ಮೊದಲು ಅಂಕ ಕೂಡಿಸಿ ನೋಡಿ. ಒಳಪುಟದ ಒಂದು ಉತ್ತರ ಕಣ್ತಪ್ಪಿ ಹೋಗಿರುವುದು ಅಪರೂಪವಲ್ಲ. ಆಮೇಲೆ ಪ್ರಶ್ನೆಯ ಕ್ರಿಯಾಪದಕ್ಕೆ ಗೀಟು ಹಾಕಿ: ವಿವರಿಸಿ, ಹೋಲಿಸಿ, ವಿಮರ್ಶಿಸಿ. 'ಹೋಲಿಸಿ' ಎಂದ ಕಡೆ ಎರಡನ್ನೂ ಬೇರೆ ಬೇರೆ ವಿವರಿಸಿ ಕೈಬಿಟ್ಟರೆ, ಬರೆದದ್ದೆಲ್ಲ ಸರಿಯಿದ್ದೂ ಅಂಕ ಹೋಗುತ್ತದೆ. ಪುಟಗಟ್ಟಲೆ ಬರೆದೂ ಕಡಿಮೆ ಬರುವುದಕ್ಕೆ ಇದೂ ಒಂದು ಕಾರಣ.

ಆಮೇಲೆ ಮೇಲ್ ಕಳಿಸಿ, 5 ಸಾಲು ಮೀರದಂತೆ:

"ನಮಸ್ಕಾರ ಸರ್. 2ನೇ ಅಸೈನ್‌ಮೆಂಟ್‌ನ 3 ಮತ್ತು 5ನೇ ಉತ್ತರಗಳಲ್ಲಿ ಏನು ಕಡಿಮೆಯಾಯಿತು ಎಂದು ತಿಳಿದುಕೊಳ್ಳಬೇಕಿತ್ತು. ಮುಂದಿನದರಲ್ಲಿ ತಿದ್ದಿಕೊಳ್ಳುತ್ತೇನೆ. ಈ ವಾರ 10 ನಿಮಿಷ ಸಿಗಬಹುದೇ? ಮಂಗಳವಾರ ಅಥವಾ ಗುರುವಾರ ಮಧ್ಯಾಹ್ನ ನಾನು ಬರಬಲ್ಲೆ."

'ಅನ್ಯಾಯ', 'ಬೇಕಂತಲೇ' ಎಂಬ ಪದಗಳು ಇದರಲ್ಲಿ ಬರಲೇಬಾರದು. ಆ ಮೇಲ್ ಮುಂದೆ ಮೂರನೆಯವರ ಕಣ್ಣಿಗೂ ಬೀಳಬಹುದು.

ಉತ್ತರ 2:
ಕೋಣೆಯೊಳಗೆ ಹೋದ ಮೇಲೆ ಆಡುವ ಮೊದಲ ವಾಕ್ಯವೇ ಮುಖ್ಯ. "ಯಾಕೆ ಕಟ್ ಮಾಡಿದ್ರಿ?" ಎಂದರೆ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. "ಈ ಉತ್ತರದಲ್ಲಿ ಇನ್ನೇನು ಇದ್ದಿದ್ದರೆ ಪೂರ್ತಿ ಅಂಕ ಬರುತ್ತಿತ್ತು ಸರ್?" ಎಂದರೆ ಪಾಠ ಹೇಳತೊಡಗುತ್ತಾರೆ. ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಅದೇ ದಿನ "ನೀವು ಹೇಳಿದ ಈ 3 ಅಂಶಗಳನ್ನು ಮುಂದಿನದರಲ್ಲಿ ಸೇರಿಸುತ್ತೇನೆ" ಎಂದು ಮೇಲ್ ಹಾಕಿ. ಸೌಜನ್ಯಕ್ಕೆ ಸೌಜನ್ಯವೂ ಆಯಿತು, ದಾಖಲೆಯೂ ಉಳಿಯಿತು.

ಪಾಠದ ಸಂದೇಹಕ್ಕೂ ಇದೇ ದಾರಿ. "ಏನೂ ಅರ್ಥ ಆಗಿಲ್ಲ" ಎನ್ನುವುದು ಪಾಠವನ್ನೇ ಹಳಿದಂತೆ ಕೇಳಿಸುತ್ತದೆ. "3ನೇ ಹೆಜ್ಜೆಯಿಂದ 4ಕ್ಕೆ ಹೇಗೆ ಬಂತು?" ಎಂದರೆ ಉತ್ತರಿಸದೆ ಗದರುವವರು ಕಡಿಮೆ.

ಪ್ರಶ್ನೆ ಕೇಳಿದವರು:
ಗೆಳೆಯನೊಬ್ಬನಿಗೆ ಹೆಚ್ಚುಕಡಿಮೆ ಇದೇ ಉತ್ತರಕ್ಕೆ 15 ಕೊಟ್ಟಿದ್ದಾರೆ. ಅವನ ಪತ್ರಿಕೆ ತೋರಿಸಬಹುದಾ?

ಉತ್ತರ 3:
ಖಂಡಿತ ಬೇಡ. ನಿಮ್ಮ ಅಂಕ ಏರುವ ಬದಲು ಅವನದು ಇಳಿಯಬಹುದು. ಉತ್ತರಗಳು ತೀರಾ ಹೋಲುತ್ತಿದ್ದರೆ ನಕಲಿನ ಆರೋಪ ಇಬ್ಬರ ತಲೆಗೂ ಬರುತ್ತದೆ. ನಿಮ್ಮ ಉತ್ತರವನ್ನು ಅಳೆಯಬೇಕಾದದ್ದು ಅಂಕ ಹಂಚಿಕೆಯ ಪಟ್ಟಿಯ ಜತೆ. ಅದು ಇಲ್ಲದಿದ್ದರೆ "ಯಾವ ಅಂಶಕ್ಕೆ ಎಷ್ಟು ಅಂಕ?" ಎಂದು ಮುಂದಿನ ಅಸೈನ್‌ಮೆಂಟ್‌ಗೆ ಮುಂಚೆಯೇ ಕೇಳಿ.

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಮುನ್ನ ಎರಡು ನಿಯಮ ಓದಿ: ಕೊನೆಯ ದಿನ ಯಾವುದು, ಅಂಕ ಕಡಿಮೆಯಾದರೆ ಹಳೆಯದು ಉಳಿಯುತ್ತದೋ ಹೊಸದೋ. ಮಾತುಕತೆ ಮುಗಿಯಲಿ ಎಂದು ಕಾಯುತ್ತಾ ಗಡುವು ಕಳೆದುಕೊಳ್ಳುವವರು ಬಹಳ.

ಮೇಲಿನವರು ಹೇಳಿದ ಸಾವಧಾನಕ್ಕೆ ನನ್ನದೊಂದು ತಕರಾರಿದೆ. ಜಾತಿ, ಲಿಂಗ, ಧರ್ಮ, ಮೈಕಟ್ಟು ಹಿಡಿದು ಹೀಯಾಳಿಸಿದರೆ, ಅಂಕದ ಬದಲಿಗೆ ಏನಾದರೂ ಬಯಸಿದರೆ, ಅಂಥವರ ಕೋಣೆಗೆ ಒಬ್ಬರೇ ಹೋಗಲೇಬೇಡಿ. ಅದು ನೇರವಾಗಿ ಕಾಲೇಜಿನ ದೂರು ಸಮಿತಿಗೆ ಹೋಗಬೇಕಾದ ವಿಷಯ. ದಿನಾಂಕ, ಹೊತ್ತು, ಜಾಗ, ಆಡಿದ ಮಾತು ಇದ್ದ ಹಾಗೇ, ಹತ್ತಿರ ಯಾರಿದ್ದರು, ಇಷ್ಟನ್ನೂ ಅದೇ ದಿನ ಬರೆದಿಡಿ. ವಾರ ಕಳೆದು ಬರೆದರೆ ಮಾತು ಮಸುಕಾಗುತ್ತದೆ, ವಿಚಾರಣೆಯಲ್ಲಿ ಹಿಡಿತ ತಪ್ಪುವುದು ಅಲ್ಲೇ.

ಬರೀ ಸಿಡುಕಾದರೆ 1 ಮತ್ತು 2ನೇ ಉತ್ತರದಂತೆ ಮಾಡಿ. ಮೇಲ್‌ಗೆ ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ನೆನಪಿಸಿ. ಅದಕ್ಕೂ ಮೌನವೇ ಆದರೆ ಆ ಎರಡೂ ಮೇಲ್‌ಗಳ ಪ್ರತಿ ಹಿಡಿದು ಎಚ್‌ಒಡಿ ಹತ್ತಿರ ಹೋಗಿ.