ಬಾಯಿ ಹುಣ್ಣಿಗೆ ಜಂತುಹುಳದ ಮಾತ್ರೆ ಬೇಡ ಮಾವ

ಮಾವ, ಬೆಳಿಗ್ಗೆ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಹಾಕಿದ್ರಲ್ಲ, ‘ಬಾಯಿ ಕ್ಯಾನ್ಸರ್ ಬರೋದು ಹುಳದಿಂದ, ಜಂತುಹುಳದ ಮಾತ್ರೆ ನುಂಗಿದ್ರೆ ಸಾಕು’ ಅಂತ, ಅದಕ್ಕೇ ಈ ವಾಯ್ಸು. ಸ್ವಲ್ಪ ಉದ್ದ ಆಗುತ್ತೆ, ಅತ್ತೆಗೂ ಕೇಳಿಸಿ.

ಹುಳದಿಂದ ಕ್ಯಾನ್ಸರ್ ಬರೋದೇ ಇಲ್ಲ ಅಂತಲ್ಲ. ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಹೊಳೆಮೀನು ಹಸಿಯಾಗೇ ತಿಂತಾರೆ. ಅದರೊಳಗಿನ ಒಂದು ಚಪ್ಪಟೆ ಹುಳ ಪಿತ್ತನಾಳದಲ್ಲಿ ವರ್ಷಗಟ್ಟಲೆ ಕೂತು, ಕಡೆಗೆ ಕೆಲವರಿಗೆ ಅಲ್ಲೇ ಕ್ಯಾನ್ಸರ್ ಆಗುತ್ತೆ. ಈಜಿಪ್ಟಿನ ಕಡೆ ಇನ್ನೊಂದಿದೆ, ಮೂತ್ರಕೋಶದ್ದು. ಬಾಯಿಗೆ ಮಾತ್ರ ಹಾಗೆ ಸಾಬೀತಾದ ಹುಳ ಒಂದೂ ಇಲ್ಲ. ವಸಡಿನ ಸಂದಿಯಲ್ಲಿ ಕಣ್ಣಿಗೆ ಕಾಣದ ಅಮೀಬಾ ಸಿಗುತ್ತೆ, ವಸಡು ಕೆಟ್ಟವರಲ್ಲಿ ಜಾಸ್ತಿ. ಅದೇ ಕ್ಯಾನ್ಸರ್ ತರುತ್ತೆ ಅನ್ನೋಕೆ ಆಧಾರ ಇಲ್ಲ.

ಡೆನ್ಮಾರ್ಕಿನ ಫಿಬಿಗರ್ ಅನ್ನೋ ವಿಜ್ಞಾನಿ ಇಲಿಗಳಿಗೆ ಹುಳ ಇದ್ದ ಜಿರಲೆ ತಿನ್ನಿಸಿ, ಹೊಟ್ಟೇಲಿ ಕ್ಯಾನ್ಸರ್ ಆಯ್ತು ಅಂದ್ರು. 1926ರ ನೊಬೆಲ್ಲೇ ಕೊಟ್ಬಿಟ್ರು! ಆಮೇಲೆ ನೋಡಿದ್ರೆ ಅದು ಕ್ಯಾನ್ಸರ್ರೇ ಅಲ್ಲ, ಇಲಿಗಳಿಗೆ ಎ ವಿಟಮಿನ್ ಕೊರತೆ ಇತ್ತು. ನೊಬೆಲ್‌ನೋರೇ ಎಡವಿದ ಮೇಲೆ ವಾಟ್ಸಾಪ್‌ನೋರನ್ನ ಏನಂತ ಬೈಯೋದು.

ಆ ವಿಡಿಯೋದಲ್ಲಿ ಬಾಯೊಳಗೆ ಹುಳ ಕಾಣ್ತಲ್ಲ, ಅದು ಸುಳ್ಳಿರಲಿಕ್ಕಿಲ್ಲ. ಹುಣ್ಣು ಬಲಿತು ಕೊಳೆತ ಮೇಲೆ ನೊಣ ಮೊಟ್ಟೆ ಇಡುತ್ತೆ, ಹುಳ ಬೀಳುತ್ತೆ. ನೋಡಿದವರಿಗೆ ಹುಳವೇ ಬಾಯಿ ತಿಂದ ಹಾಗೆ ಕಾಣುತ್ತೆ. ಕ್ಯಾನ್ಸರ್ ಮೊದಲು, ಹುಳ ಆಮೇಲೆ.

ಬೇಜಾರು ಮಾಡ್ಕೋಬೇಡಿ, ಇದು ನಮ್ಮೆಲ್ಲರಿಗೂ ಇಷ್ಟ ಆಗಿದ್ದು ಯಾಕೆ ಅಂದ್ರೆ, ತಪ್ಪು ಹುಳದ್ದಾದ್ರೆ ಅಡಿಕೆ ಬಚಾವ್. ನಾನು ಡೆಂಟಲ್ ಓದಿದ್ದೂ ತೋಟದ ದುಡ್ಡಲ್ಲೇ, ಹೇಳೋಕೆ ನನಗೂ ಕಷ್ಟ. ಆದ್ರೆ ಹೊಗೆಸೊಪ್ಪು ಹಾಕದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಹೊಗೆಸೊಪ್ಪು, ಗುಟ್ಕಾ ಸೇರಿದ್ರಂತೂ ಕೇಳೋದೇ ಬೇಡ.

ಗೃಹಪ್ರವೇಶದ ಊಟದಲ್ಲಿ ಮಿಡಿ ಉಪ್ಪಿನಕಾಯಿ ಪಕ್ಕಕ್ಕೆ ತಳ್ಳಿದ್ರಿ, ಖಾರ ತಿಂದ್ರೆ ಬಾಯುರಿ ಅಂತ. ಅದೂ ಅಡಿಕೆಯಿಂದಲೇ ಇರಬಹುದು. ಕನ್ನಡಿ ಮುಂದೆ ನಿಂತು ಬಾಯಿ ಅಗಲ ತೆಗೀರಿ, ನಿಮ್ಮ ಮೂರು ಬೆರಳು ಒಂದರ ಮೇಲೊಂದಿಟ್ಟು ನಿಲ್ಲಿಸಿ, ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ಹೋಗುತ್ತಾ ನೋಡಿ. ಕೆನ್ನೆ ಒಳಗೆ ಬೆಳ್ಳಗೆ ಬಿಗಿದುಕೊಂಡಿದ್ಯಾ, ಎರಡು ವಾರ ಆದ್ರೂ ಮಾಯದ ಹುಣ್ಣಿದ್ಯಾ, ಟಾರ್ಚ್ ಹಿಡಿದು ನೋಡೋಕೆ ಅತ್ತೆಗೆ ಹೇಳಿ. ಏನೂ ಕಾಣ್ಲಿಲ್ಲ ಅಂದ್ರೂ ಮುಂದಿನ ಸಲ ಮಂಡಿಗೆ ಬಂದಾಗ ಕ್ಲಿನಿಕ್ಕಿಗೆ ಬನ್ನಿ, ನಾನೇ ನೋಡ್ತೀನಿ. ಎಲೆಯಡಿಕೆ ಸಂಚಿ ಮಾತ್ರ ಮನೇಲೇ ಬಿಟ್ಟು ಬನ್ನಿ.