ಮುಂದೆ ಒಂದು ಕಂಪನಿಯ ಟೈರು, ಹಿಂದೆ ಇನ್ನೊಂದರದು: ಬೈಕಿಗೆ ಇದು ನಡೆಯುತ್ತದೆಯೇ?

ಪ್ರಶ್ನೆ – ಮುಧೋಳ ತಾಲೂಕಿನಿಂದ

ಎಲ್ಲರಿಗೂ ನಮಸ್ಕಾರ. ನನ್ನದು ಪಲ್ಸರ್ 150. ಮುಂದಿನ ಗಾಲಿಗೆ 80/100-17, ಹಿಂದಿನ ಗಾಲಿಗೆ 100/90-17 ಅಳತೆಯ ಟ್ಯೂಬ್‌ಲೆಸ್ ಟೈರುಗಳಿವೆ. ಹಿಂದಿನದು ನಡುಭಾಗದಲ್ಲಿ ಸವೆದು ಚಪ್ಪಟೆಯಾಗಿದೆ, ಅದನ್ನು ಬದಲಿಸಲೇಬೇಕು. ಮುಂದಿನದು ಗಾಡಿಯೊಂದಿಗೇ ಬಂದದ್ದು, ಅದರ ಗೆರೆಗಳು ಇನ್ನೂ ಕಾಣುತ್ತಿವೆ. ದಿನವೂ ಲೋಕಾಪುರ, ಗದ್ದನಕೇರಿ ಕ್ರಾಸ್ ಮೇಲೆ ಬಾಗಲಕೋಟೆಯ ನವನಗರಕ್ಕೆ ಕೆಲಸಕ್ಕೆ ಹೋಗಿ ಬರುತ್ತೇನೆ. ಸಂಜೆ ಹೊಲಕ್ಕೆ ಹೋಗುವ ದಾರಿ ಮಾತ್ರ ಪೂರ್ತಿ ಎರೆಮಣ್ಣಿನದು, ಒಂದು ಮಳೆ ಬಿದ್ದರೂ ಹಿಂದಿನ ಗಾಲಿ ನಿಂತಲ್ಲೇ ತಿರುಗುತ್ತದೆ.

ಅಂಗಡಿಯವರು ಬೇರೆ ಕಂಪನಿಯ ದಪ್ಪ ಬಟನ್ ಟೈರನ್ನು (ಮೇಲೆ ಉಬ್ಬಿದ ರಬ್ಬರ್ ಗಟ್ಟಿಗಳಿರುವುದು), ಅದೂ 110/90-17 ಅಳತೆಯದನ್ನು, ಹಿಂದೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ನಮ್ಮ ಅಣ್ಣನವರು ಎರಡೂ ಗಾಲಿಗೆ ಒಂದೇ ಕಂಪನಿಯ ಟೈರು ಇರಲೇಬೇಕು, ಇಲ್ಲದಿದ್ದರೆ ಗಾಡಿ ಓಲಾಡುತ್ತದೆ ಎಂದು ಹಟ ಹಿಡಿದಿದ್ದಾರೆ. ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲವಾದ್ದರಿಂದ ಎರಡನ್ನೂ ಒಮ್ಮೆಲೇ ಬದಲಿಸುವುದು ಕಷ್ಟ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 – ವಿಜಯಪುರದಿಂದ, ಟೈರ್ ಅಂಗಡಿ ನಡೆಸುವವರು

ಕಂಪನಿಯ ಹೆಸರು ಬೇರೆಯಾದ ಮಾತ್ರಕ್ಕೆ ಗಾಡಿ ಓಲಾಡುವುದಿಲ್ಲ ಎಂದು ನಿಮ್ಮ ಅಣ್ಣನವರಿಗೆ ಧೈರ್ಯವಾಗಿ ಹೇಳಿ. ಒಂದೇ ಕಂಪನಿಯವರೂ ಮುಂದಿನ ಗಾಲಿಗೆ ಉದ್ದುದ್ದ ಗೆರೆಯ ಟೈರನ್ನೂ ಹಿಂದಿನ ಗಾಲಿಗೆ ಬಟನ್ ಮಾದರಿಯದನ್ನೂ ಮಾಡುವುದು ಎರಡು ಗಾಲಿಗಳ ಕೆಲಸ ಬೇರೆ ಬೇರೆ ಎಂಬ ಕಾರಣಕ್ಕೇ. ಮುಂದಿನದು ದಿಕ್ಕು ಹಿಡಿಯಬೇಕು, ಬ್ರೇಕಿನ ಹೆಚ್ಚಿನ ಭಾರ ಹೊರಬೇಕು. ಹಿಂದಿನದು ಎಂಜಿನ್ನಿನ ಎಳೆತವನ್ನು ನೆಲಕ್ಕೆ ಮುಟ್ಟಿಸಬೇಕು.

ಹೊಂದಬೇಕಾದದ್ದು ಬೇರೆಯದೇ ಇದೆ. ಟೈರಿನ ಪಕ್ಕದಲ್ಲಿ ಅಳತೆಯ ಮುಂದೆ 55 ಪಿ ಎಂಬಂಥ ಬರಹವಿರುತ್ತದೆ. 55 ಎಂದರೆ ಆ ಟೈರು 218 ಕಿಲೋ ಭಾರ ಹೊರಬಲ್ಲದು, ಪಿ ಎಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ ತಾಳಬಲ್ಲದು ಎಂದರ್ಥ. ಹೊಸ ಟೈರಿನ ಅಂಕಿ ಹಳೆಯದಕ್ಕಿಂತ ಕಡಿಮೆ ಇರಬಾರದು. ಎರಡನೆಯದಾಗಿ, ಒಳಗಿನ ದಾರಗಳ ಹೆಣಿಗೆ ನೋಡಬೇಕು. ನಿಮ್ಮ ಗಾಡಿಗೆ ಬರುವುದು ಓರೆಯಾಗಿ ಹೆಣೆದ ಬಯಾಸ್ ಟೈರು, ಅದರ ಅಳತೆಯ ನಡುವೆ ಅಡ್ಡಗೆರೆ ಇರುತ್ತದೆ. ಆ ಜಾಗದಲ್ಲಿ ಆರ್ ಅಕ್ಷರವಿದ್ದರೆ ಅದು ದಾರಗಳು ನೇರ ಅಡ್ಡಲಾಗಿರುವ ರೇಡಿಯಲ್. ಮುಂದೆ ರೇಡಿಯಲ್, ಹಿಂದೆ ಬಯಾಸ್ ಹಾಕುವುದನ್ನಂತೂ ಯಾರೂ ಮಾಡಬಾರದು, ಏಕೆಂದರೆ ತಿರುವಿನಲ್ಲಿ ಎರಡೂ ಬಾಗುವ ಬಗೆ ಒಂದಕ್ಕೊಂದು ಕೂಡುವುದಿಲ್ಲ.

ಈಗ 110/90 ವಿಷಯ. ಮೊದಲ ಅಂಕಿ ಮಿ.ಮೀ. ಲೆಕ್ಕದಲ್ಲಿ ಟೈರಿನ ಅಗಲ, ಎರಡನೆಯದು ಟೈರಿನ ಎತ್ತರ ಆ ಅಗಲದ ಎಷ್ಟು ಪ್ರತಿಶತ ಎಂಬುದು. 100ರಲ್ಲಿ 90 ಪ್ರತಿಶತ ಎಂದರೆ 90 ಮಿ.ಮೀ. ಎತ್ತರ, 110ರಲ್ಲಿ 90 ಪ್ರತಿಶತ ಎಂದರೆ 99 ಮಿ.ಮೀ. ಹಾಗಾಗಿ ಗಾಡಿಯ ಹಿಂಭಾಗ 9 ಮಿ.ಮೀ. ಮೇಲೇಳುತ್ತದೆ, ಗಾಲಿಯ ಸುತ್ತಳತೆ ಸುಮಾರು 3 ಪ್ರತಿಶತ ಹೆಚ್ಚಿ ಎಳೆತ ಅಷ್ಟು ತಗ್ಗುತ್ತದೆ. ಅದಕ್ಕಿಂತ ಮುಖ್ಯವಾಗಿ, 100ರ ಟೈರಿಗೆಂದು ಮಾಡಿದ ರಿಮ್ಮಿನಲ್ಲಿ ಅಗಲದ ಟೈರು ಎರಡೂ ಕಡೆಯಿಂದ ಹಿಸುಕಿದಂತಾಗಿ ಅದರ ಬೆನ್ನು ಚೂಪಾಗುತ್ತದೆ, ನೆಲ ಮುಟ್ಟುವ ಪಟ್ಟಿ ಹಿಗ್ಗುವ ಬದಲು ಕುಗ್ಗಬಹುದು. ಮಾರುವವನಾಗಿಯೇ ಹೇಳುತ್ತೇನೆ: ಕಂಪನಿ ಕೊಟ್ಟ ಅಳತೆಯನ್ನು ಬಿಡಬೇಡಿ.

ಉತ್ತರ 2 – ಬೆಳಗಾವಿಯಿಂದ

ಮೇಲಿನವರ ಮಾತೆಲ್ಲ ಸರಿಯಾಗಿದೆ. ಆದರೆ ನೀವು ಹಿಂದಿನ ಟೈರಿನ ಚಿಂತೆಯಲ್ಲಿದ್ದೀರಿ, ನನಗೆ ನಿಮ್ಮ ಮುಂದಿನ ಟೈರಿನ ಮೇಲೆ ಅನುಮಾನ.

ನಾನು ಮಾಡಿದ ತಪ್ಪು ಇದೇ. ಹಿಂದೆ ಹೊಸದನ್ನು ಹಾಕಿಸಿ, ಮುಂದಿನದು ಇನ್ನೊಂದು ವರ್ಷ ಬರುತ್ತದೆ ಎಂದುಕೊಂಡು ಜುಲೈ ತಿಂಗಳ ಮಳೆಯಲ್ಲಿ ಜಾಂಬೋಟಿ ದಾಟಿ ಚೋರ್ಲಾ ಘಾಟ್ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಎದುರಿಗೆ ಲಾರಿ ಬಂತು, ಮುಂದಿನ ಬ್ರೇಕನ್ನು ಮೆಲ್ಲಗೇ ಹಿಡಿದೆ, ಹ್ಯಾಂಡಲ್ ಒಮ್ಮೆಲೇ ಹಗುರಾಯಿತು. ಅಷ್ಟೇ, ಬಲಗಡೆ ಮಲಗಿದ್ದೆ. ಹಿಂದಿನ ಗಾಲಿ ಜಾರಿದರೆ ಬಹಳ ಸಲ ಕಾಲು ಕೊಟ್ಟೋ ಥ್ರಾಟಲ್ ಬಿಟ್ಟೋ ಸಾವರಿಸಿಕೊಳ್ಳಬಹುದು. ಮುಂದಿನದು ಜಾರಿದರೆ ಆ ಅವಕಾಶವೇ ಸಿಗುವುದಿಲ್ಲ. ಮೊಣಕೈ ಚರ್ಮ ಕಿತ್ತುಹೋಯಿತು, ಪುಣ್ಯಕ್ಕೆ ಲಾರಿಯವರು ನಿಲ್ಲಿಸಿದರು. ಮನೆಗೆ ಬಂದು ನೋಡಿದರೆ ಗೆರೆಯ ತಳದಲ್ಲಿರುವ ಸವೆತದ ಗುರುತಿನ ಉಬ್ಬಿಗೆ ರಬ್ಬರು ಸಮನಾಗಿತ್ತು. ಕಾನೂನಿನ ಪ್ರಕಾರ ದ್ವಿಚಕ್ರಕ್ಕೆ ಗೆರೆಯ ಆಳ 0.8 ಮಿ.ಮೀ.ಗಿಂತ ಕಡಿಮೆಯಾಗಬಾರದು, ಮಳೆಯ ಘಾಟಿಗೆ ಅದೂ ಸಾಲದು.

ಆದ್ದರಿಂದ ಮೊದಲು ಮುಂದಿನ ಟೈರಿನ ವಯಸ್ಸು ನೋಡಿ. ಪಕ್ಕದಲ್ಲಿ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಗೆರೆ ಎಷ್ಟೇ ಉಳಿದಿದ್ದರೂ ನಮ್ಮ ಕಡೆಯ ಬಿಸಿಲಿನಲ್ಲಿ ನಿಂತ ರಬ್ಬರು ವರ್ಷ ಕಳೆದಂತೆ ಗಡಸಾಗುತ್ತದೆ.

ಉತ್ತರ 3 – ಜಮಖಂಡಿ ಕಡೆಯ ರೈತರು

ಎರೆಮಣ್ಣಿನ ಬಗ್ಗೆ ಮಾತ್ರ ಹೇಳುತ್ತೇನೆ. ಬಟನ್ ಟೈರು ಮರಳು, ಗರಸು, ಜಲ್ಲಿಯ ದಾರಿಗೆ ನಿಜವಾಗಿಯೂ ಒಳ್ಳೆಯದು. ಹಸಿ ಎರೆಮಣ್ಣಿನ ಸ್ವಭಾವವೇ ಬೇರೆ. ಹತ್ತು ಮಾರು ಹೋಗುವುದರೊಳಗೆ ಬಟನ್ನುಗಳ ಸಂದಿಯೆಲ್ಲ ತುಂಬಿ ಟೈರು ರೊಟ್ಟಿಯ ಹಿಟ್ಟು ಮೆತ್ತಿದ ಕೊಣಮಿಗೆಯಂತಾಗುತ್ತದೆ. ಆಮೇಲೆ ಅದು ಬಟನ್ನೋ ನುಣುಪೋ ಎಂಬ ಭೇದವೇ ಉಳಿಯುವುದಿಲ್ಲ. ಇನ್ನಷ್ಟು ಮುಂದೆ ಹೋದರೆ ಮುಂದಿನ ಮಡ್‌ಗಾರ್ಡಿನೊಳಗೆ ಮಣ್ಣು ಹೆಪ್ಪುಗಟ್ಟಿ ಗಾಲಿಯೇ ನಿಲ್ಲುತ್ತದೆ, ತೊಗರಿಕಟ್ಟಿಗೆ ಹಿಡಿದು ಕೆದರುತ್ತ ಕೂರಬೇಕು. ಇದಲ್ಲದೆ ಹಿಂದೆ ಮಾತ್ರ ಬಟನ್ ಹಾಕಿದರೆ ಹಿಂದಿನ ಗಾಲಿ ದೂಡುತ್ತದೆ, ಮುಂದಿನದು ದಿಕ್ಕು ಹಿಡಿಯದೆ ಅಡ್ಡ ಜಾರುತ್ತದೆ.

ಅದೇ ಟೈರಿನಲ್ಲಿ ಡಾಂಬರಿಗೆ ಬಂದಾಗ ಬಟನ್ನುಗಳ ತುದಿಯಷ್ಟೇ ನೆಲ ಮುಟ್ಟುವುದರಿಂದ ಮಳೆಯಲ್ಲಿ ಬ್ರೇಕು ನಿಲ್ಲುವುದಿಲ್ಲ, ಬೇಸಿಗೆಯ ಕಾದ ರಸ್ತೆಯಲ್ಲಿ ಬೇಗ ಸವೆಯುತ್ತವೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಬಿಟ್ಟುಹೋದ ಮಣ್ಣಿನ ಹೆಂಟೆ, ರವದಿ ರಸ್ತೆಯ ತುಂಬ ಬಿದ್ದಿರುವುದನ್ನು ನೀವೂ ಕಂಡಿರುತ್ತೀರಿ. ಅಲ್ಲಿ ಬೇಕಾದದ್ದು ಡಾಂಬರಿಗೆ ಕಚ್ಚಿಕೊಳ್ಳುವ ಟೈರು. ದಿನದ ದಾರಿ ಯಾವುದೋ ಅದನ್ನು ನೋಡಿ ಟೈರು ಆರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದಗಳು. ನಿನ್ನೆ ಸಂಜೆ ಬ್ಯಾಟರಿ ಹಿಡಿದು ಮುಂದಿನ ಟೈರಿನ ಪಕ್ಕವನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದೆ: 3617. ಅಂದರೆ 2017ರ 36ನೆಯ ವಾರ. ಗೆರೆಗಳ ತಳದಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳು ಸುತ್ತಲೂ ಇದ್ದವು, ಉಗುರು ಒತ್ತಿದರೆ ರಬ್ಬರು ಒಳಗೆ ಹೋಗಲೇ ಇಲ್ಲ. ಇಷ್ಟು ದಿನ ಅದರ ಮೇಲೆ ನಂಬಿಕೆ ಇಟ್ಟು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ತಿರುಗಿದ್ದು ನೆನೆದು ಮೈ ಜುಮ್ಮೆಂದಿತು. ಅಣ್ಣನವರಿಗೂ ತೋರಿಸಿದೆ, ಅರ್ಧ ಹಣ ತಾವೇ ಕೊಡುತ್ತೇನೆಂದರು. ಮುಂದೆ ಉದ್ದ ಗೆರೆಯದು, ಹಿಂದೆ ರಸ್ತೆಗೆಂದೇ ಮಾಡಿದ ಮಾದರಿ, ಅಳತೆ ಮೊದಲಿನದೇ. ಅಂಗಡಿಯಲ್ಲಿ ಇದ್ದಂತೆ ಕಂಪನಿಗಳು ಬೇರೆ ಬೇರೆ ಬರುತ್ತವೆ. ಹಾಕಿಸುವಾಗ ಇನ್ನೇನಾದರೂ ನೋಡಬೇಕೇ?

ಉತ್ತರ 1 ಬರೆದವರು

ಟೈರಿನ ಮೇಲಿನ ಬಾಣದ ಗುರುತು ಗಾಲಿ ಉರುಳುವ ದಿಕ್ಕಿಗೇ ಇರಲಿ. ಎರಡೂ ಗಾಲಿಗೆ ನಡೆಯುವ ಕೆಲವು ಟೈರುಗಳಲ್ಲಿ ಮುಂದಿನ ಗಾಲಿಗೆ ಒಂದು ಬಾಣ, ಹಿಂದಿನದಕ್ಕೆ ಅದರ ವಿರುದ್ಧ ದಿಕ್ಕಿನ ಇನ್ನೊಂದು ಬಾಣ ಇರುತ್ತದೆ, ಗಡಿಬಿಡಿಯಲ್ಲಿ ಹುಡುಗರು ತಪ್ಪುವುದುಂಟು, ನಿಂತು ನೋಡಿಕೊಳ್ಳಿ. ಟ್ಯೂಬ್‌ಲೆಸ್ ಆದ್ದರಿಂದ ಹಳೆಯ ವಾಲ್ವನ್ನೂ ಬದಲಿಸಿ. ಹವಾ ಮುಂದೆ 25, ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಾದರೆ 32 ಪಿಎಸ್‌ಐ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಹಿಡಿಸಿ. ಹೊಸ ರಬ್ಬರಿನ ಮೇಲಿನ ನುಣುಪು ಹೋಗುವ ತನಕ, ಮೊದಲ 150 ಕಿ.ಮೀ.ವರೆಗೆ, ಗಾಡಿಯನ್ನು ಹೆಚ್ಚು ಓರೆ ಮಾಡಬೇಡಿ, ಗಟ್ಟಿಯಾಗಿ ಬ್ರೇಕ್ ಒತ್ತಬೇಡಿ. ಚಪ್ಪಟೆ ಟೈರಿಗೆ ಒಗ್ಗಿದ ಕೈಗೆ ದುಂಡನೆಯ ಹೊಸ ಟೈರು ತಿರುವಿನಲ್ಲಿ ಬೇಗ ವಾಲಿದಂತೆ ಅನ್ನಿಸುತ್ತದೆ, ಅದಕ್ಕೆ ಗಾಬರಿಯಾಗಬೇಡಿ, ಎರಡು ಮೂರು ದಿನದಲ್ಲಿ ಒಗ್ಗುತ್ತದೆ.