ರೋಡ್ಸ್ ದ್ವೀಪದ ಕೋಟಿ ಖರೇನ ಯಾರದು? ಗೊತ್ತಿದ್ದವ್ರು ಸ್ವಲ್ಪ ಬಿಡಿಸಿ ಹೇಳ್ರಿ

ಕೋಟಿ ಓಣಿ ಹುಡುಗ (ರಾಯಚೂರು)

ನಮಸ್ಕಾರ ಎಲ್ಲಾರಿಗೂ. ನಮ್ಮ ದೊಡ್ಡಪ್ಪನ ಮಗ ಕ್ರೂಸ್ ಹಡಗಿನ ಕಿಚನ್‌ನಾಗ ಕೆಲಸ ಮಾಡ್ತಾನ, ಹಡಗು ಗ್ರೀಸ್ ದೇಶದ ರೋಡ್ಸ್ ಅನ್ನೋ ದ್ವೀಪದಾಗ ನಿಂತಾಗ ಒಂದಿಷ್ಟು ಫೋಟೋ ವಾಟ್ಸಾಪ್ ಮಾಡ್ಯಾನ. ನಾ ಗ್ರೀಸ್ ಅಂದ್ರ ಬಿಳಿ ಮನಿ, ನೀಲಿ ಗುಮ್ಮಟ, ಮುರಿದ ಕಂಬ ಇಷ್ಟ ಅನ್ಕೊಂಡಿದ್ದೆ, ಇಲ್ಲಿ ನೋಡಿದ್ರ ದೊಡ್ಡ ಕೋಟಿ, ಬುರುಜು, ಕಂದಕ, ಒಳಗ ಮಸೀದಿ ಮಿನಾರ, ಅದರ ಬಾಜೂಕ ಮನಿ, ಮನಿ ಮುಂದ ಹಗ್ಗಕ್ಕ ಬಟ್ಟಿ ಒಣಗಾಕ್ಯಾರ! ಥೇಟ್ ನಮ್ಮ ಕೋಟಿ ಒಳಗಿನ ಓಣಿನ.

ಕಟ್ಟಿದವ್ರು ಯಾರು, ಮಸೀದಿ ಹೆಂಗ ಬಂತು, ಮಂದಿ ಒಳಗ ಇದ್ಕೊಂಡನೂ ಕೋಟಿ ಅಷ್ಟು ನೀಟ್ ಹೆಂಗ ಇಟ್ಟಾರ? ಮತ್ತ ಅಲ್ಲಿ ಬಂದರಿನ ಮ್ಯಾಲ ಎರಡು ಕಾಲು ಅಗಲಿಸಿ ನಿಂತ ಮೂರ್ತಿ ಇತ್ತಂತ, ಕಾಲಿನ ನಡುವ ಹಡಗು ಹೋಗ್ತಿದ್ವಂತ, ಇದು ಖರೇ ಏನು?

ಆನೆಗೊಂದಿ ದಾರಿ (ಗಂಗಾವತಿ)

ತಮ್ಮಾ, ನೀ ಫೋಟೋದಾಗ ನೋಡಿದ ಕೋಟಿ ಗ್ರೀಕರು ಕಟ್ಟಿದ್ದಲ್ಲ. ಸೇಂಟ್ ಜಾನ್ ನೈಟ್ಸ್ ಅಂತ ಇದ್ರು, ಅರ್ಧ ಸನ್ಯಾಸಿ ಅರ್ಧ ಸೈನಿಕರು, ಮೊದಲಿಗೆ ಜೆರುಸಲೇಮ್‌ನಾಗ ಯಾತ್ರಿಕರಿಗೆ ಆಸ್ಪತ್ರಿ ನಡಸ್ತಿದ್ರು. ಅಲ್ಲಿಂದ ನೆಲಿ ತಪ್ಪಿ, 1309ರ ಹೊತ್ತಿಗೆ ರೋಡ್ಸ್ ಊರು ಹಿಡದು 1522ರ ತನಕ ಆಳಿದ್ರು. ಅದರಾಗ ಫ್ರಾನ್ಸ್, ಇಟಲಿ, ಸ್ಪೇನ್, ಇಂಗ್ಲೆಂಡ್, ಜರ್ಮನಿ ಎಲ್ಲಾ ಕಡಿ ಮಂದಿ, ಅದಕ್ಕ ಒಂದೊಂದು ನಾಡಿನವ್ರಿಗೆ ಕೋಟಿ ಗ್ವಾಡಿಯ ಒಂದೊಂದು ಪಾಲು ಹಂಚಿ ಕೊಟ್ಟಿದ್ರು, ನಿಮ್ಮ ಪಾಲು ಬಿದ್ರ ನಿಮ್ಮ ಮರ್ಯಾದಿ ಹೋತು ಅಂತ. ನೈಟ್ಸ್ ಬೀದಿ ಅಂತ ಒಂದು ಕಲ್ಲುಹಾಸಿನ ಓಣಿ ಐತಿ, ಆ ನಾಡಿನವ್ರ ಛತ್ರ ಹೆಚ್ಚಿನವು ಅದರಾಗನ, ಬಾಗಲ ಮ್ಯಾಲ ಅವ್ರವ್ರ ಲಾಂಛನ ಕೆತ್ತ್ಯಾರ.

ಊರು ಮಾತ್ರ ಇನ್ನೂ ಭಾಳ ಹಳೇದು. ಕ್ರಿ.ಪೂ. 408ರಾಗ ಲಿಂಡೋಸ್, ಇಯಾಲಿಸೋಸ್, ಕಾಮಿರೋಸ್ ಅನ್ನೋ ಮೂರು ಊರಿನವ್ರು ಕೂಡಿ ಈ ಹೊಸ ಪಟ್ಟಣ ಮಾಡಿದ್ರು, ಆವಾಗಲೇ ಓಣಿ ಎಲ್ಲಾ ನೆಟ್ಟಗ ಚೌಕ ಚೌಕ ಹಾಕಿದ್ರು, ಇವತ್ತಿಗೂ ಕೋಟಿ ಒಳಗಿನ ಕೆಲವು ಬೀದಿ ಅದೇ ಗೆರಿ ಮ್ಯಾಲ ಅದಾವ. ನಿನ್ನ ತಲಿಯೊಳಗಿನ ಬಿಳಿ ಮನಿ, ಕಂಬ ನೋಡ್ಬೇಕಂದ್ರ ಲಿಂಡೋಸ್‌ಗೆ ಹೋಗ್ಬೇಕು, ಅದೇ ದ್ವೀಪದಾಗ ಐತಿ.

ಕುಂಬಾರ ಗುಡ್ಡ (ಬಳ್ಳಾರಿ)

ಮೂರ್ತಿ ವಿಷಯ ನಾನು ಹೇಳ್ತೀನಿ. ಕ್ರಿ.ಪೂ. 305ರಲ್ಲಿ ಡಿಮಿಟ್ರಿಯಸ್ ಅನ್ನೋ ರಾಜ ದೊಡ್ಡ ದೊಡ್ಡ ಮುತ್ತಿಗೆ ಯಂತ್ರ ತಗೊಂಡು ಬಂದ, ಒಂದು ವರ್ಷ ಬಡ್ಕೊಂಡ್ರೂ ಊರು ಸಿಗಲಿಲ್ಲ, ಸಾಮಾನು ಅಲ್ಲೇ ಬಿಟ್ಟು ಹೋದ. ಅದನ್ನ ಮಾರಿ ಬಂದ ದುಡ್ಡಲ್ಲಿ ಊರವ್ರು ತಮ್ಮ ಸೂರ್ಯದೇವ ಹೀಲಿಯೋಸ್‌ಗೆ ಕಂಚಿನ ಮೂರ್ತಿ ಮಾಡಿಸಿದ್ರು, ಶಿಲ್ಪಿ ಲಿಂಡೋಸ್‌ನ ಖಾರೆಸ್, ಹನ್ನೆರಡು ವರ್ಷದ ಕೆಲಸ, ಎತ್ತರ ಸುಮಾರು 33 ಮೀಟರ್. ಕ್ರಿ.ಪೂ. 226ರ ಸುಮಾರಿಗೆ ಭೂಕಂಪಕ್ಕೆ ಮೊಣಕಾಲ ಹತ್ರ ಮುರ್ಕೊಂಡು ಬಿತ್ತು, ಅಂದ್ರೆ ನಿಂತಿದ್ದೇ ಅರವತ್ತು ವರ್ಷದೊಳಗೆ. ಬಿದ್ದ ಮೇಲೂ ಜನ ನೋಡಕ್ಕೆ ಬರ್ತಿದ್ರು, ಅದರ ಹೆಬ್ಬೆರಳನ್ನ ತಬ್ಬಕ್ಕೆ ಆಗೋರು ಕೆಲವೇ ಮಂದಿ ಅಂತ ರೋಮಿನ ಪ್ಲಿನಿ ಬರೆದಿದ್ದಾನೆ. ಕಾಲಗಲಿಸಿ ನಿಂತಿದ್ದು ಎಲ್ಲಾ ಆಮೇಲಿನವರ ಕಟ್ಟುಕಥೆ ಬ್ರೋ, ಅಂಥ ಭಂಗಿಯಲ್ಲಿ ಆ ತೂಕದ ಕಂಚು ನಿಲ್ಲಲ್ಲ, ಬಂದರು ವರ್ಷಗಟ್ಟಲೆ ಮುಚ್ಚಿ ಕೆಲಸ ಮಾಡ್ಬೇಕಾಗ್ತಿತ್ತು.

ಕೋಟಿ ಓಣಿ ಹುಡುಗ (ರಾಯಚೂರು)

ಥ್ಯಾಂಕ್ಸ್ ಅಣ್ಣಾರೇ. 1522 ಅಂದ್ರ ನಮ್ಮ ರಾಯಚೂರು ಕಾಳಗ ಆಗಿ ಎರಡ ವರ್ಷಕ್ಕ! ಅಲ್ಲೂ ತೋಪಿನ ಲಡಾಯಿನಾ?

ಕುಂಬಾರ ಗುಡ್ಡ (ಬಳ್ಳಾರಿ)

ತೋಪೂ ಇತ್ತು, ಸುರಂಗ ಅದಕ್ಕಿಂತ ಜಾಸ್ತಿ. 1520ರಲ್ಲಿ ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕಿನವ್ರು ಇದ್ರಲ್ಲ, ಗೋಡೆ ಮೇಲೆ ತಲೆ ಎತ್ತಿದವರನ್ನ ಹೊಡೀತಾ ಇದ್ರು, ಕೆಳಗೆ ನಮ್ಮವ್ರು ಹಾರೆ ಹಿಡ್ಕೊಂಡು ಕಲ್ಲು ಕೀಳ್ತಾ ಇದ್ರು, ಕೊನೆಗೆ ಕೋಟೆ ಸರದಾರ ಬಗ್ಗಿ ನೋಡಕ್ಕೆ ಹೋಗಿ ಹಣೆಗೆ ಗುಂಡು ತಿಂದ ಅಂತ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ರೋಡ್ಸ್‌ನಲ್ಲಿ ತುರ್ಕರ ಸುಲ್ತಾನ್ ಸುಲೇಮಾನ್ ಸೈನ್ಯ ನೆಲದೊಳಗೆ ಸುರಂಗ ತೋಡಿ ಗೋಡೆ ಬುಡಕ್ಕೆ ಮದ್ದು ಇಟ್ಟು ಸಿಡಿಸ್ತಿತ್ತು. ಒಳಗಡೆ ಟಾಡಿನಿ ಅಂತ ಇಟಲಿ ಇಂಜಿನಿಯರ್, ಅವನು ನೆಲದಲ್ಲಿ ತಗ್ಗು ತೋಡಿ ಬಿಗಿ ಚರ್ಮ ಕಟ್ಟಿ ಅದಕ್ಕೆ ಸಣ್ಣ ಗಂಟೆ ಹಾಕಿದ್ದ, ಕೆಳಗೆ ಎಲ್ಲಾದ್ರೂ ಗುದ್ದಲಿ ಬಿದ್ರೆ ಗಂಟೆ ಅಲ್ಲಾಡ್ಬೇಕು, ಆ ಕಡೆ ಎದುರು ಸುರಂಗ ತೋಡಿ ನುಗ್ತಿದ್ರು. ಅವನ ಒಂದು ಕಣ್ಣು ಆ ಯುದ್ಧದಲ್ಲೇ ಹೋಯ್ತು. ನಮ್ಮ ಬಳ್ಳಾರಿ ಕಥೆ ಗೊತ್ತಲ್ಲ, ಪಕ್ಕದ ಗುಡ್ಡ ಕೋಟೆಗಿಂತ ಎತ್ತರ ಐತೆ ಅಂತ ಹೈದರಾಲಿ ಫ್ರೆಂಚ್ ಇಂಜಿನಿಯರ್‌ನ ನೇಣಿಗೆ ಹಾಕ್ಸಿದ ಅಂತಾರೆ, ಆ ಕೆಲಸಕ್ಕೆ ಯಾವ ಊರಲ್ಲೂ ಸುಖ ಇರ್ಲಿಲ್ಲ ಅನ್ಸುತ್ತೆ 😄

ನೈಟ್ಸ್ ಆರು ತಿಂಗಳು ತಡ್ಕೊಂಡ್ರು, ಆಮೇಲೆ ಒಪ್ಪಂದ ಆಗಿ 1523ರ ಜನವರಿ 1ಕ್ಕೆ ಆಯುಧ, ಸಾಮಾನು ಸಮೇತ ಹಡಗು ಹತ್ತಿ ಹೋದ್ರು. 1530ರಲ್ಲಿ ಅವ್ರಿಗೆ ಮಾಲ್ಟಾ ಸಿಕ್ತು.

ಲಿಂಗಸೂಗೂರು ಅಕ್ಕ

ನೀಟ್ ಹೆಂಗ ಇಟ್ಟಾರ ಅಂತ ಕೇಳಿದ್ದಕ್ಕ ಯಾರೂ ಉತ್ತರ ಕೊಡಲಿಲ್ಲ, ಅದಕ್ಕ ಬರ್ಯಾಕತ್ತೀನಿ. ನಾ ಆರ್ಕಿಟೆಕ್ಟ್, ಕನ್ಸರ್ವೇಶನ್ ಓದಿದಾಕಿ.

ತುರ್ಕರು ಬಂದ ಮ್ಯಾಲ ಗ್ರೀಕ್ ಕ್ರಿಶ್ಚಿಯನ್ನರು ಕೋಟಿ ಒಳಗ ರಾತ್ರಿ ಇರಂಗಿದ್ದಿಲ್ಲ, ಹೊತ್ತು ಮುಳುಗೋದ್ರಾಗ ಹೊರಗ ಹೋಗ್ಬೇಕು, ಹಿಂಗಾಗಿ ಗ್ವಾಡಿ ಹೊರಗ ಬ್ಯಾರೆ ಬ್ಯಾರೆ ವಸ್ತಿ ಬೆಳದ್ವು. ಒಳಗ ತುರ್ಕರು, ಯಹೂದಿಗಳು. ಮಸೀದಿ, ಹಮಾಮು, ಕಟ್ಟಿಗಿ ಜರೂಕಾ (ಬೀದಿ ಕಡಿ ಚಾಚಿದ ಕಿಟಕಿ) ಇರೋ ಮನಿ ಎಲ್ಲಾ ಆ ಕಾಲದ್ದು. ಯಹೂದಿ ಓಣಿಯ ಕಹಾಲ್ ಶಲೋಮ್ ಮಂದಿರ 1577ರದು. ಆ ಓಣಿ ಮಂದಿನ, ಸುಮಾರು 1,700 ಜನಾನ, 1944ರ ಜುಲೈನಾಗ ಜರ್ಮನ್ನರು ಆಶ್‌ವಿಟ್ಸ್ ಅನ್ನೋ ಸಾವಿನ ಕ್ಯಾಂಪಿಗೆ ಸಾಗಿಸಿದ್ರು, ಉಳದು ಬಂದವ್ರು ಭಾಳ ಕಮ್ಮಿ. ಹಡಗಿನಿಂದ ಇಳಿಯೋ ಟೂರಿಸ್ಟ್ ಮಂದಿ ಐಸ್‌ಕ್ರೀಮ್ ತಿನ್ಕೋತ ದಾಟಿ ಹೋಗೋದು ಇದೇ ಓಣಿ.

ಇನ್ನ "ನೀಟ್" ಮಾತು. 1912ರಾಗ ಇಟಲಿಯವ್ರು ದ್ವೀಪ ಹಿಡದ್ರು. ಅವ್ರಿಗೆ ನೈಟ್ಸ್ ಕಾಲದ ಕಲ್ಲು ಬೇಕಿತ್ತು, ತುರ್ಕರು ಆಮ್ಯಾಲ ಸೇರಿಸಿದ್ದು ಬ್ಯಾಡಾಗಿತ್ತು, ನೈಟ್ಸ್ ಬೀದಿಯಾಗಿನ ಕಟ್ಟಿಗಿ ಜರೂಕಾ ಕಿತ್ತರು, ಕಂದಕದ ಕಡಿ ಇದ್ದ ಗೋರಿ ತೆಗದ್ರು. ನೈಟ್ಸ್ ಮುಖ್ಯಸ್ಥನ ದೊಡ್ಡ ಅರಮನಿ ಅಂತೂ 1856ರಾಗ ಬಾಜೂಕಿನ ಚರ್ಚಿನ ಕೆಳಗಿದ್ದ ಮದ್ದು ಸಿಡದು ಹಾಳಾಗಿತ್ತು, ಈಗ ಫೋಟೋದಾಗ ಕಾಣೋದು ಬಹುತೇಕ 1937ರಿಂದ 1940ರ ನಡುವ ಇಟಲಿಯವ್ರು ಹೊಸದಾಗಿ ಎಬ್ಬಿಸಿದ್ದು, ನೆಲಕ್ಕ ಹಾಸಿದ ಮೊಸಾಯಿಕ್ ಪಕ್ಕದ ಕೋಸ್ ದ್ವೀಪದ್ದು. ದ್ವೀಪ ಗ್ರೀಸ್‌ಗೆ ಸೇರಿದ್ದು 1948ರಾಗ, ಯುನೆಸ್ಕೋ ಪಟ್ಟಿಗೆ ಬಂದದ್ದು 1988ರಾಗ.

ಅಂದ್ರ ಆ ಚೆಂದದ ಹಿಂದ ಒಂದು ಕಾಲದ್ದು ಇಟ್ಕೊಂಡು ಇನ್ನೊಂದು ಕಾಲದ್ದು ಒರಸಿದ ಕೆಲಸನೂ ಅದ. ನಮ್ಮ ರಾಯಚೂರು ಕೋಟಿಗೆ ಹಂಗ ಆಗೋದು ಬ್ಯಾಡ ಅಂತೀನಿ ನಾ. ಒಳಗಿನ ಗ್ವಾಡಿ 1294ರ ಕಾಕತೀಯರ ಕಾಲದ್ದು, ಅದರಾಗಿನ 41 ಅಡಿ ಉದ್ದದ ಒಂದು ಕಲ್ಲಿನ ಮ್ಯಾಲ ಶಾಸನದ ಜೋಡಿ ಬಂಡಿ ಮ್ಯಾಲ ಅದನ್ನ ಎಳಕೊಂಡು ಬರೋ ಚಿತ್ರನೂ ಕೆತ್ತ್ಯಾರ, ಹೊರಗಿಂದು ಸುಲ್ತಾನರದು, ಅದರ ಮ್ಯಾಲ ನಮ್ಮ ನಿಮ್ಮ ಕಾಲದ ಮನಿ. ನೀಟ್ ಮಾಡಾಕಂತ ಮನಿ ಕೆಡವೋಕಿಂತ ಮೊದಲ ಬುರುಜಿನ ಸಂದಿಯಾಗ ಬೆಳದ ಆಲದ ಬೇರು ತೆಗಸ್ರಿ, ಕಂದಕಕ್ಕ ಕಸ ಹಾಕೋದು ನಿಲ್ಲಸ್ರಿ ಸಾಕು.

ಆನೆಗೊಂದಿ ದಾರಿ (ಗಂಗಾವತಿ)

ಅಕ್ಕಾ, ಮಾತು ಒಪ್ಪಿದೆ, ಆದ್ರ ಇಟಲಿಯವ್ರು ಕೈ ಹಚ್ಚಲಿಲ್ಲಂದ್ರ ಆ ಗ್ವಾಡಿ ಇಷ್ಟು ಉಳೀತಿತ್ತೋ ಇಲ್ಲೋ, ಅದನ್ನೂ ಹೇಳ್ಬೇಕಲ್ರೀ.

ಲಿಂಗಸೂಗೂರು ಅಕ್ಕ

ಗ್ವಾಡಿ ಗಟ್ಟಿ ಮಾಡಿದ್ದಕ್ಕ ನನ್ನ ತಕರಾರಿಲ್ಲ. ಗೋರಿ ಕಿತ್ತದ್ದಕ್ಕ ಅದ.

ತಮ್ಮಾ, ನಿಮ್ಮಣ್ಣ ಮತ್ತೊಮ್ಮೆ ಇಳದ್ರ ಕಂದಕದಾಗ ನಡೀ ಅಂತ ಹೇಳು, ಮುತ್ತಿಗಿ ಕಾಲದ ಕಲ್ಲಿನ ಗುಂಡು ಇನ್ನೂ ಅಲ್ಲೇ ಬಿದ್ದಾವ. ನೈಟ್ಸ್ ಕಾಲದ ಆಸ್ಪತ್ರಿ ಈಗ ಮ್ಯೂಸಿಯಂ, ಟೈಮ್ ಕಮ್ಮಿ ಇದ್ರ ಅರಮನಿ ಬಿಟ್ಟು ಅದನ್ನ ನೋಡ್ಲಿ.